ಶಿಫಾರಸು ಪತ್ರದಲ್ಲಿ ಬರೆಯದೆ ಬಿಟ್ಟದ್ದು

“ಅದನ್ನು ನೀವೇ ಕಣ್ಣಾರೆ ನೋಡಿದ್ರಾ?” ಎಂದು ಫೋನಿನಲ್ಲಿದ್ದ ಹೆಂಗಸು ಕೇಳಿದಾಗ ನಾನು ತಡವರಿಸಿದೆ. ಯಹೂದಿ ಯುವಜನರನ್ನು ಸಮುದಾಯದ ನಾಯಕತ್ವಕ್ಕೆ ತಯಾರು ಮಾಡುವ ಖಾಸಗಿ ಪ್ರತಿಷ್ಠಾನವೊಂದರಿಂದ ಬಂದ ಕರೆ ಅದು. ಅವರ ಫೆಲೋಶಿಪ್‌ಗೆ ಡರ್ಹಮ್ ನಗರದ ನಮ್ಮ ಸಂಶೋಧನಾ ಲ್ಯಾಬಿನ ಲೇಯಾ ಅರ್ಜಿ ಹಾಕಿದ್ದಳು. ಶಿಫಾರಸು ಎಂದರೆ ಹೊಗಳಿಕೆ ಎಂದುಕೊಂಡೇ ಬೆಳೆದ ನಾನು, ಕೋವಿಡ್ ಕಾಲದಲ್ಲಿ ಅವಳು ಕಾಯಿಲೆ ಬಿದ್ದ ಸಹೋದ್ಯೋಗಿಗೆ ದಿನಾ ಊಟ ಒಯ್ದಳೆಂದು ಪತ್ರದಲ್ಲಿ ಬರೆದಿದ್ದೆ.

ಪಕ್ಕದಲ್ಲಿ ಕಾರು ಓಡಿಸುತ್ತಿದ್ದ ನನ್ನ ಗಂಡ, “ಹೌದು ಅಂದ್ಬಿಡೇ, ಯಾರು ಚೆಕ್ ಮಾಡ್ತಾರೆ?” ಎಂದು ಪಿಸುಗುಟ್ಟಿದರು.

ಆದರೆ ನಾನು ನೋಡಿರಲಿಲ್ಲ. ಯಾರೋ ಹೇಳಿದ್ದು, ಯಾರೆಂಬುದೂ ನೆನಪಿರಲಿಲ್ಲ. ಹಾಗೆಂದೇ ಒಪ್ಪಿಕೊಂಡೆ. ಲೇಯಾಳ ಅವಕಾಶ ನನ್ನಿಂದಲೇ ಹೋಯಿತೆಂದುಕೊಂಡೆ.

“ಹಾಗಾದ್ರೆ ನೀವು ನೋಡಿದ್ದೇನು?”

ಮೀಟಿಂಗ್‌ನಲ್ಲಿ ಎಲ್ಲರೆದುರು ಅವಳು ನನ್ನ ಪ್ರಯೋಗದ ಫಲಿತಾಂಶ ತಪ್ಪೆಂದಿದ್ದು, ಅದು ನಿಜಕ್ಕೂ ತಪ್ಪೇ ಆಗಿದ್ದದ್ದು, ನಾನು ಎರಡು ದಿನ ಮುನಿಸಿಕೊಂಡಿದ್ದು, ಎಲ್ಲ ಹೇಳಿಬಿಟ್ಟೆ. ಆಕೆ ನಕ್ಕರು. “ಇದನ್ನೇ ಬರೀಬಹುದಿತ್ತಲ್ಲಾ? ನಮ್ಮ ಯಹೂದಿಗಳಲ್ಲಿ ಧರ್ಮಗ್ರಂಥವನ್ನೂ ಇಬ್ಬರು ಎದುರುಬದುರು ಕೂತು, ವಾದ ಮಾಡ್ತಲೇ ಓದೋದು.”

ಲೇಯಾ ಆಯ್ಕೆಯಾದಳು. ನಡೆದದ್ದನ್ನು ಹೇಳಿದಾಗ, “ಎರಡೇ ದಿನಾನಾ? ತಿಂಗಳು ಪೂರ್ತಿ ನೀವು ನನ್ನ ಮುಖ ನೋಡಿರಲಿಲ್ಲ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಪ್ರತಿಷ್ಠಾನದ ಆ ಹೆಂಗಸಿಗೆ ಫೋನ್ ಮಾಡಿ ಇದನ್ನೂ ತಿದ್ದಬೇಕೇ ಎಂಬ ಯೋಚನೆ ಇವತ್ತಿಗೂ ಕೊರೆಯುತ್ತಿದೆ.