ಮೊಣಕಾಲಿನ ನೂರಾ ಹತ್ತು ಡಿಗ್ರಿ

ಮೊಣಕಾಲಿನ ಆಪರೇಷನ್ ಆದ ಮೇಲೆ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು, ಮಡಚಿ. ಚಿದ್ರಿಯ ಮನೆಯಿಂದ ಹೊರಟು, ದಿನಾ ಬಸ್ಸು ಹತ್ತಿ ಔರಾದಿಗೆ ಹೋಗಿ, ಹೈಸ್ಕೂಲಿನ ಕರಿಹಲಗೆಯ ಮುಂದೆ ನಿಂತು ಗಣಿತ ಕಲಿಸಿ ಕಲಿಸಿ ಸವೆದ ಕಾಲು. ಡಾಕ್ಟರು ಮನೆಗೆ ಕಳಿಸುವಾಗ, "ಆರು ವಾರದಾಗ ನೂರಾ ಹತ್ತು ಡಿಗ್ರಿ ಬರಬೇಕ್ರಿ ಮೇಡಂ. ಬರಲಿಲ್ಲಂದ್ರ ಮತ್ತ ಮಲಗಿಸಿ, ಎಚ್ಚರ ತಪ್ಪಿಸಿ ನಾವೇ ಮಡಚಬೇಕಾಗ್ತದ" ಎಂದರು. ಮೊದಲ ಸಲ ಎಚ್ಚರ ತಪ್ಪಿಸಿದ್ದಕ್ಕೇ ನಾಲ್ಕು ದಿನ ವಾಂತಿ ಮಾಡಿಕೊಂಡವಳು ನಾನು. ಆ ಮಾತು ಕೇಳಿಯೇ ಜೀವ ಬಾಯಿಗೆ ಬಂತು.

ನೋಡಿಕೊಳ್ಳಲು ಭಾಲ್ಕಿಯಿಂದ ಅಕ್ಕ ಬಂದಳು. ನರ್ಸಾಗಿ ರಿಟೈರಾದವಳು, ಕರುಣೆಯನ್ನು ಆಸ್ಪತ್ರೆಯಲ್ಲೇ ಬಿಟ್ಟುಬಂದಿರಬೇಕು. ಬೆಳಿಗ್ಗೆ, ಸಂಜೆ ನನ್ನನ್ನು ಮಂಚದ ಅಂಚಿಗೆ ಕೂರಿಸಿ, ತಾನು ನೆಲದ ಮೇಲೆ ಕೂತು, ನನ್ನ ಕಣಕಾಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತುತ್ತಿದ್ದಳು. ನಾನು ಕಿರುಚಿದರೆ, "ಒದರು, ದೇವರಿಗೂ ಕೇಳಸ್ಲಿ" ಎನ್ನುತ್ತಿದ್ದಳು.

ಅಳೆಯುವ ಕೆಲಸ ನನ್ನದು. ಹಲಗೆಯ ಮೇಲೆ ಕೋನ ಬರೆಯುವ ಕಟ್ಟಿಗೆಯ ಕೋನಮಾಪಕವೊಂದು ಮನೆಯಲ್ಲಿತ್ತು. ಅದರ ನಡುವನ್ನು ಮೊಣಕಾಲಿನ ಪಕ್ಕಕ್ಕೆ, ಅಂಚನ್ನು ತೊಡೆಯ ಗುಂಟ ಹಿಡಿದು, ಕೆಳಗಾಲು ಎಲ್ಲಿದೆ ಎಂದು ಓದುವುದು. ನೀಟಾಗಿ ಚಾಚಿದ ಕಾಲು ನೂರಾ ಎಂಬತ್ತು. ಮಡಚಿದಂತೆ ಅಂಕಿ ಇಳಿಯಬೇಕು. ನೂರಾ ನಲವತ್ತಾಯಿತು, ನೂರಾ ಇಪ್ಪತ್ತಾಯಿತು. ನಾಲ್ಕನೇ ವಾರದಲ್ಲಿ ನೂರಾ ಹತ್ತಕ್ಕೆ ಬಂತು.

"ಮುಗೀತು ಅಕ್ಕಾ, ಬಂತು. ಇನ್ನ ಬಿಡು" ಎಂದೆ.

ಅಕ್ಕ ಕಾಲು ಹಿಡಿದುಕೊಂಡೇ ಯೋಚಿಸಿದಳು. "ನನಗ್ಯಾಕೋ ಇನ್ನೂ ಬಿಗಿ ಅದ ಅನಸ್ತದ."

"ಲೆಕ್ಕ ನಂದೋ ನಿಂದೋ?"

ಆಕೆ ಕಾಲು ಬಿಟ್ಟಳು. ನನಗೂ ಬೇಕಾಗಿದ್ದು ಅದೇ. ಅಷ್ಟು ದಣಿದಿದ್ದೆ. ಆಮೇಲಿನ ಎರಡು ವಾರ ಒತ್ತುವುದು ಶಾಸ್ತ್ರಕ್ಕೆ ಎಂಬಂತೆ ನಡೆಯಿತು.

ಆರನೇ ವಾರ ನೌಬಾದಿನ ಹತ್ತಿರ ಇರುವ ಅದೇ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ಫಿಸಿಯೋಥೆರಪಿ ಮಾಡುವ ಹುಡುಗಿ ಎರಡು ಕಡ್ಡಿಯ ಪ್ಲಾಸ್ಟಿಕ್ ಅಳತೆಗೋಲು ಹಚ್ಚಿ, "ಎಪ್ಪತ್ತು ಅದರೀ" ಎಂದಳು.

"ಇಲ್ಲಮ್ಮ, ಸರಿಯಾಗಿ ನೋಡು. ನೂರಾ ಹತ್ತು. ನಾನು ಗಣಿತ ಟೀಚರು."

"ಹೌದ್ರಿ ಮೇಡಂ, ಆದ್ರ ನಾವು ಸೊನ್ನಿ ಅನ್ನೋದು ಕಾಲು ನೀಟ ಇದ್ದಾಗ್ರಿ. ಅಲ್ಲಿಂದ ಎಷ್ಟು ಮಡಚ್ತದ, ಅಷ್ಟ ಡಿಗ್ರಿ."

ತೊಡೆಗೂ ಕೆಳಗಾಲಿಗೂ ನಡುವಿನ ಕೋನ ನೂರಾ ಹತ್ತಾದರೆ, ನೂರಾ ಎಂಬತ್ತರಲ್ಲಿ ಕಳೆದು ಉಳಿಯುವುದು ಎಪ್ಪತ್ತು. ನನ್ನ ಅಳತೆ ತಪ್ಪಿರಲಿಲ್ಲ, ಶುರು ಮಾಡಿದ ಕಡೆ ತಪ್ಪಿತ್ತು. ಕಿರಣ ಎಲ್ಲಿಂದ ತಿರುಗಲು ಹೊರಟಿತೋ ಅಲ್ಲಿಂದ ಕೋನ ಎಣಿಸಬೇಕೆಂದು ತ್ರಿಕೋನಮಿತಿಯ ಮೊದಲ ದಿನವೇ ಹೇಳುವವಳು ನಾನು. ಕೋನಮಾಪಕದ ಒಳಸಾಲು ಹೊರಸಾಲು ಅದಲುಬದಲು ಓದುವ ಮಕ್ಕಳ ಮೇಲೆ ಹರಿಹಾಯುವವಳೂ ನಾನೇ. ಅಲ್ಲಿ ನಾಚಿಕೆಯೂ ಆಗಲಿಲ್ಲ, ಆ ಕುರ್ಚಿಯಲ್ಲೇ ಕಣ್ಣುಮುಚ್ಚಿ ಮಲಗಿಬಿಡೋಣ ಅನಿಸಿತು.

ಡಾಕ್ಟರು ಬೈಯಲಿಲ್ಲ. "ಹದಿನೈದು ದಿನ ಕೊಡ್ತೇನ್ರಿ. ತೊಂಬತ್ತಾದ್ರೂ ದಾಟ್ಲಿ. ಇಲ್ಲಂದ್ರ ನಮ್ಮ ಕೈಗೆ ಬಿಡ್ರಿ" ಎಂದರು.

ಅಕ್ಕ ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತಳು. ಅವತ್ತಿನಿಂದ ದಿನಕ್ಕೆ ಎರಡಲ್ಲ, ಐದು ಸಲ. ನಾನು ಅತ್ತೆ, ಬೈದೆ, ಒಮ್ಮೆ ಅವಳ ಕೈಯನ್ನು ಹೊಡೆದೂ ಬಿಟ್ಟೆ. ಅಂಕಿ ಈಗ ಮೇಲಕ್ಕೆ ಏರಬೇಕಿತ್ತು, ಅದು ಒಂದೊಂದೇ ಡಿಗ್ರಿಯಾಗಿ ಏರಿತು. ಮತ್ತೆ ಕ್ಲಿನಿಕ್ಕಿಗೆ ಹೋದಾಗ ಹುಡುಗಿ, "ತೊಂಬತ್ತಾರು" ಎಂದಳು. ಮಲಗಿಸುವ ಅಗತ್ಯವಿಲ್ಲ, ಮುಂದಿನ ತಿಂಗಳು ಶಾಲೆಗೆ ಹೋಗಬಹುದು ಎಂದರು ಡಾಕ್ಟರು. ಖುಷಿಪಡಲು ಕೂಡ ನನ್ನಲ್ಲಿ ತ್ರಾಣವಿರಲಿಲ್ಲ.

ಸಂಜೆ ಇನ್ನೊಮ್ಮೆ ಒತ್ತಿಸಿಕೊಂಡು, ಚಹಾ ಇಡಲು ನಾನೇ ಎದ್ದು ಅಡುಗೆಮನೆಗೆ ಹೋದೆ. ಕರೆದರೆ ಅಕ್ಕ ಬರಲಿಲ್ಲ. ತಿರುಗಿ ಬಂದು ನೋಡಿದರೆ, ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೇ ಇದ್ದಳು.

"ಏಳಾಕ ಬರವಲ್ದು. ತಡಿ, ಸ್ವಲ್ಪ ಹೊತ್ತು ಕುಂತು ಏಳ್ತೇನಿ" ಎಂದಳು.

"ಯಾವಾಗಿಂದ ಹಿಂಗ?"

"ಹೋದ ವಾರದಿಂದ ಮೊಣಕಾಲು ಹಿಡಿದಾವ. ಹೇಳಿದ್ರ ನೀ ಒತ್ತಿಸಿಕೊಳ್ಳೋದು ಬಿಟ್ಟಬಿಡ್ತಿದ್ದಿ."

ನಿಜ, ಬಿಟ್ಟುಬಿಡುತ್ತಿದ್ದೆ. ಕೈ ಚಾಚಿದೆ, ಅವಳು ಹಿಡಿದಳು, ಆದರೆ ನಿಂತಲ್ಲಿಂದ ಎಳೆದರೆ ಅವಳು ಏಳುವ ಹಾಗಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ತೋಳಿಗೆ ತೋಳು ಕೊಟ್ಟು ಎಬ್ಬಿಸಬೇಕಿತ್ತು. ಅಷ್ಟು ನನ್ನ ಕಾಲು ಮಡಚುತ್ತಿರಲಿಲ್ಲ.