ಬುಧವಾರದ ಪಾಳಿ ನಿಂಬೆವ್ವನದು

ಮಾದನಹಿಪ್ಪರಗಾದ ಎರಡು ಎಕರೆ ತೊಗರಿ ಹೊಲದ ಕಸವನ್ನು ಮೊನ್ನೆ ನಾನೊಬ್ಬನೇ, ಬಶಿಗೆ ಸುರಿದ ಚಹಾ ಆರುವುದರೊಳಗೆ ಕಿತ್ತು ಹಾಕಿದೆ. ಅದೂ ಎಡಗೈಯಲ್ಲಿ. ಬಲಗೈ ಈ ಲೇಖನ ಬರೆಯುತ್ತಿತ್ತು. ಆದರೆ ನನ್ನ ಬಗ್ಗೆ ನಾನೇ ಬರೆದುಕೊಳ್ಳಲು ಸಂಪಾದಕರು ಒಪ್ಪುವುದಿಲ್ಲ. ಹೀಗಾಗಿ ಅಂದು ಅದೇ ಹೊಲದಲ್ಲಿದ್ದ, ಕೂಲಿ ಹೆಂಗಸರ ಮುಂದಾಳು ಸುಲ್ತಾನಬಿಯವರ ಕಥೆ ಹೇಳುತ್ತೇನೆ.

ಕೋಳಿ ಈಗಷ್ಟೇ ಕೂಗಿದೆ. ಸೆರಗನ್ನು ಸೊಂಟಕ್ಕೆ ಬಿಗಿದು, ಕಸ ತೆಗೆಯುವ ಕುರ್ಪಿ ಹಿಡಿದು ಸುಲ್ತಾನಬಿ ಓಣಿಗುಂಟ ನಡೆಯುತ್ತಾರೆ. "ಏಳ್ರಬೇ, ಬೆಳಗಾತು!" ಆ ಕೂಗಿಗೆ ಅಫಜಲಪುರದ ಎತ್ತುಗಳು ಮೈ ಕೊಡವಿ ಎದ್ದು ನಿಲ್ಲುತ್ತವೆ, ಜೇವರ್ಗಿಯ ಬಸ್ಸುಗಳು ತಾವಾಗಿಯೇ ಚಾಲೂ ಆಗುತ್ತವೆ. ಬಾಗಿಲು ಬಾಗಿಲಿನಿಂದ ಹೆಂಗಸರ ದಂಡು ಹೊರಡುತ್ತದೆ.

"ಯಾವ ದಂಡ್ರೀ? ಹನ್ನೊಂದು ಮಂದಿ ಅದೀವಿ," ಎಂದು ಸುಲ್ತಾನಬಿ ನನ್ನನ್ನು ತಿದ್ದುತ್ತಾರೆ.

ಗಂಡಸರೆಲ್ಲಿ? ಎಪ್ಪತ್ತೆರಡರ ಬರದಲ್ಲಿ ಬೊಂಬಾಯಿಯ ಕಟ್ಟಡದ ಕೆಲಸಕ್ಕೆ ಹೋದವರು ದಾರಿ ಕಲಿತುಬಿಟ್ಟರು. ಈಗ ಹದಿನೈದು ವರ್ಷವಾದರೂ, ಮಳೆ ಚೆನ್ನಾಗಿ ಆದ ವರ್ಷವೂ, ಗಡಿಯ ಖಜೂರಿ ಊರು ದಾಟುವ ಲಾರಿಗಳಲ್ಲಿ ಅರ್ಧ ಓಣಿ ಹೊರಟುಹೋಗುತ್ತದೆ. ಸುಲ್ತಾನಬಿಯವರ ಗಂಡ ಅಲ್ಲಿ ಸಿಮೆಂಟು ಕಲಸುತ್ತಾರೆ. ಪಕ್ಕದ ಮನೆ ನಿಂಬೆವ್ವನವರ ಗಂಡ ಚಂದ್ರಾಮ ಇಟ್ಟಿಗೆ ಹೊರುತ್ತಾರೆ. ಇತ್ತ ಹೊಲ ಇದ್ದಷ್ಟೇ ಇದೆ, ಕೈಗಳು ಕಡಿಮೆಯಾಗಿವೆ. ಹಿಂದೆ ಕೂಲಿಯವರು ಸಾಹುಕಾರರ ಅಂಗಳದಲ್ಲಿ ನಿಂತು ಕಾಯುತ್ತಿದ್ದರು. ಈಗ ಸಾಹುಕಾರರು ಸುಲ್ತಾನಬಿಯವರ ಅಂಗಳ ಹುಡುಕಿಕೊಂಡು ಬರುತ್ತಾರೆ. "ಮದಲ ಆಳಿನ ಕೈಲೆ ಹೇಳಿ ಕಳಸ್ತಿದ್ರು. ಈಗ ತಾವs ಬಂದು ಕುಂತು, ನಮ್ಮನಿ ಚಹಾ ಕುಡದು ಹೋಗ್ತಾರ," ಎಂದು ಅವರು ನಗುತ್ತಾರೆ. ಎಲ್ಲರೂ ಒಮ್ಮೆಗೇ ಕರೆದರೆ ಜಗಳ. ಅದಕ್ಕೆ ಸುಲ್ತಾನಬಿ ಪಾಳಿ ಮಾಡಿದ್ದಾರೆ: ಮೊದಲು ಹೇಳಿದವರ ಹೊಲ ಮೊದಲು, ಎರಡೆಕರೆ ಇರಲಿ, ಇಪ್ಪತ್ತೆಕರೆ ಇರಲಿ.

ಈ ಬುಧವಾರದ ಪಾಳಿ ನಿಂಬೆವ್ವನವರದು. ಅವರ ತೊಗರಿ ಕಸದಲ್ಲಿ ಮುಳುಗಿದೆ. ಪಡುವಣದಲ್ಲಿ ಮೋಡ ಕಟ್ಟಿದೆ. ಮಳೆ ಬಿದ್ದರೆ ಕಪ್ಪು ಯರಿ ನೆಲದಲ್ಲಿ ವಾರಗಟ್ಟಲೆ ಕಾಲಿಡಲಾಗದು. ಅಷ್ಟರಲ್ಲಿ ಕಸ ಬೆಳೆಯನ್ನು ನುಂಗಿರುತ್ತದೆ.

ಊರ ಹೆಬ್ಬಾಗಿಲಾದ ಅಗಸಿಯ ಬಳಿ ಸಾಹುಕಾರ ಬಸವಂತರಾಯರ ಟ್ರ್ಯಾಕ್ಟರ್ ಅಡ್ಡ ನಿಂತಿದೆ.

"ಸುಲ್ತಾನಬಿ, ಹತ್ರಿ ಎಲ್ಲಾರೂ. ಇವತ್ತ ನನ್ನ ಹೊಲಕ್ಕ ಬರ್ರಿ. ಕೂಲಿ ದೀಡ ಪಟ್ಟು, ಒಂದಕ್ಕ ಒಂದೂವರೆ ಕೊಡ್ತೇನಿ."

ಗುಂಪಿನ ಚಮನಬಿ ಆಗಲೇ ಟ್ರೇಲರಿಗೆ ಒಂದು ಕಾಲು ಇಟ್ಟಾಗಿದೆ.

"ಇಳೀಬೇ!" ಎನ್ನುತ್ತಾರೆ ಸುಲ್ತಾನಬಿ.

"ಆಪಾ, ದೀಡ ಪಟ್ಟು ಅಂತಾರ!"

"ನಾಳೆ ನಿನ್ನ ಹೊಲದ ಪಾಳಿ ಇದ್ದಾಗ ಯಾರರೆ ದುಪ್ಪಟ್ಟು ಅಂದ್ರ? ಇವತ್ತ ಬರ್ತೇವಂತ ನಿಂಬೆವ್ವಗ ಜಬಾನ್ ಕೊಟ್ಟೇನಿ."

ಚಮನಬಿ ಗೊಣಗುತ್ತ ಇಳಿಯುತ್ತಾರೆ. ರಾಯರು ಮೋಡದ ಕಡೆ ಕೈ ಮಾಡುತ್ತಾರೆ. "ಮಳಿ ಬಂದ್ರ ನನ್ನ ಹೊಲದ ಗತಿ?"

"ಖರೇ ಅದರಿ ಸಾವ್ಕಾರ್ರ. ಹಂಗಾದ್ರ ನಿಮ್ಮ ಮನ್ಯಾಗಿನ ಮಂದಿನ ನಿಂಬೆವ್ವನ ಹೊಲಕ್ಕ ಕಳಸ್ರಿ. ಅದು ಲಗೂ ಮುಗೀತಂದ್ರ ಮಧ್ಯಾಹ್ನಕ್ಕ ನಿಮ್ಮದು ಹಿಡೀತೇವಿ."

ಹೆಂಗಸರು ಸೆರಗಿನೊಳಗೇ ಕಿಸಕ್ಕೆನ್ನುತ್ತಾರೆ. ಟ್ರ್ಯಾಕ್ಟರ್ ಹೊಗೆ ಉಗುಳಿ ಹಿಂದಿರುಗುತ್ತದೆ.

ಹೊತ್ತು ಒಂದು ಮಾರು ಏರಿದಾಗ ಅದೇ ಟ್ರ್ಯಾಕ್ಟರ್ ನಿಂಬೆವ್ವನವರ ಬದುವಿಗೆ ಬಂದು ನಿಲ್ಲುತ್ತದೆ. ರಾಯರ ಹೆಂಡತಿ ಕಸ್ತೂರಿಬಾಯಿ ಇಳಿಯುತ್ತಾರೆ, ಅವರ ಹಿಂದೆ ಇಬ್ಬರು ಸೊಸೆಯರು. ನಿಂಬೆವ್ವ ಗಾಬರಿಯಾಗುತ್ತಾರೆ: "ಬ್ಯಾಡ್ರಿ ಅವ್ವಾರ, ನೀವು ಬಗ್ಗಬ್ಯಾಡ್ರಿ!"

"ಸರಿಯಬೇ ಅತ್ಲಾಗ. ತವರಮನ್ಯಾಗ ನಾ ಏನ್ ಕುರ್ಚಿ ಮ್ಯಾಲ ಕುಂತು ಬೆಳದೇನೇನು?" ಎಂದು ಕಸ್ತೂರಿಬಾಯಿ ನಿಂಬೆವ್ವನವರ ಪಕ್ಕದ ಸಾಲು ಹಿಡಿಯುತ್ತಾರೆ.

ಮಧ್ಯಾಹ್ನದೊಳಗೆ ತೊಗರಿಯ ಸಾಲುಗಳು ಬೈತಲೆ ತೆಗೆದಂತೆ ಕಾಣುತ್ತವೆ. ಎಲ್ಲರೂ ರಾಯರ ಹೊಲಕ್ಕೆ ಹೋಗುತ್ತಾರೆ, ನಿಂಬೆವ್ವನವರೂ. ಅಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಮಳೆ ಬಂದೇ ಬಿಡುತ್ತದೆ. ಟ್ರೇಲರಿನ ತಾಡಪತ್ರಿಯಡಿ ಎಲ್ಲರೂ ಒತ್ತಿ ಕೂರುತ್ತೇವೆ. ರಾಯರು ಉಳಿದ ಅರ್ಧ ಹೊಲವನ್ನೇ ನೋಡುತ್ತಾರೆ. ಕೊನೆಗೆ ಮೆಲ್ಲಗೆ ಕೇಳುತ್ತಾರೆ: "ಇನ್ನ ಉಳದದ್ದಕ್ಕ ಪಾಳಿ ಯಾವಾಗ?"

"ನೆಲ ಆರಿದ ಮರುದಿನ. ನಿಮ್ಮದs ಮದಲ," ಎನ್ನುತ್ತಾರೆ ಸುಲ್ತಾನಬಿ.

ಈ ಮಳೆಯಲ್ಲಿ ಹೊತ್ತು ಕಳೆಯಲೆಂದು ನಾನು ಲೇಖನದ ಮೊದಲ ಸಾಲುಗಳನ್ನು ಓದಿ ಹೇಳುತ್ತೇನೆ. ಬಶಿ, ಚಹಾ, ಎಡಗೈ. ಸುಲ್ತಾನಬಿ ಪೂರ್ತಿ ಕೇಳುತ್ತಾರೆ.

"ಪೇಪರಿನ ಸಾಹೇಬ್ರ, ಎಲ್ಲಿ, ಕೈ ತೋರಸ್ರಿ."

ಸುತ್ತಲಿನ ಅಂಗೈಗಳೆಲ್ಲ ಕಸದ ರಸಕ್ಕೆ ಹಸಿರುಗಪ್ಪಾಗಿವೆ. ಕಸ್ತೂರಿಬಾಯಿಯವರ ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ನನ್ನ ಬೆರಳಿಗೆ ಮಸಿ ಹತ್ತಿದೆ, ಅಷ್ಟೇ. ತಾಡಪತ್ರಿ ಹಾರಿಹೋಗುವಂತೆ ಎಲ್ಲರೂ ನಗುತ್ತಾರೆ, ರಾಯರೂ ನಗುತ್ತಾರೆ.

"ಖೋಟಾ ಯಾಕ ಬರೀತೀರಿ? ಬರಿಯೋದಾದ್ರ ಪಾಳಿ ತಪ್ಪಲಿಲ್ಲ ಅಂತ ಬರೀರಿ. ಅಷ್ಟು ಸಾಕು."

ಬರೆದಿದ್ದೇನೆ. ಇನ್ನು ಉಳಿದ ನಿಜ: ಬೆಳಗಿನಿಂದ ನಾನು ಜಾಲಿ ಗಿಡದ ನೆರಳಿನಲ್ಲಿ ಕೂತು ನೀರಿನ ಕೊಡ ಕಾಯುತ್ತಿದ್ದೆ. ನಡುವೆ ಒಮ್ಮೆ ಹುರುಪಿನಿಂದ ಎದ್ದು ಹೋಗಿ ಕಿತ್ತದ್ದು ಒಂದೇ ಗಿಡ. ಅದು ತೊಗರಿಯದು. ನಿಂಬೆವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಊರಿದರು.