ಭೀಮಾ ಹೊಳೆಯಾಚೆಯ ಪರದೇಶ

ಗೆಳೆಯರೇ, ಇವತ್ತು ಮಧ್ಯಾಹ್ನ ಮಣ್ಣೂರಿನ ಹೊಳೆದಂಡೆಯಲ್ಲಿ ಕೂತು, ಯಾವ ಪರದೇಶಕ್ಕೆ ಹೋಗಿ ನೆಲೆಸೋಣ ಎಂದು ಹೆಂಡತಿಯನ್ನು ಕೇಳಿದೆ. ನನ್ನ ಕಣ್ಣಲ್ಲಿ ರಂಗೂನಿನ ತೇಗದ ಮನೆಗಳು, ಆಫ್ರಿಕಾದ ಹಸಿರು ಗುಡ್ಡಗಳು ತೇಲುತ್ತಿದ್ದವು.

ಅವಳು ಆಚೆ ದಂಡೆಗೆ ಕೈ ತೋರಿಸಿದಳು. "ಇದು ನಿಜಾಮರ ರಾಜ್ಯ, ಅದು ಇಂಗ್ರೇಜರ ಮುಲ್ಕ. ಅದೂ ಪರದೇಶನ ಅಲ್ರೀ? ಅಲ್ಲೇ ಇರೂಣ್ರಿ."

"ಅದು ನಿನ್ನ ತವರುಮನಿ."

"ಹೌದ್ರಿ. ಲಗ್ನ ಆಗಿ ಹೊಳಿ ದಾಟಿ ಬರೂಮುಂದ ಸುಂಕದ ನಾಕಾದವರು ನಮ್ಮವ್ವ ಕಟ್ಟಿದ ಚಟ್ನಿಗಂಟೂ ಬಿಚ್ಚಿ ನೋಡಿದ್ರು. ಅವತ್ತಿಂದ ನಾ ಪರದೇಶದಾಗ ಅದೇನಿ. ನಿಮಗ ಗೊತ್ತಾಗಲಿಲ್ಲ."

ಬಿಸಿಲಿನಲ್ಲಿ ನೀರು ಸುಮ್ಮನೆ ಹೊಳೆಯುತ್ತಿತ್ತು.

ಪರದೇಶದಲ್ಲಿ ಬಾಳುವುದು ಹೇಗೆಂದು ನಾನು ಊರೂರು ಅಲೆದು ವಿಚಾರಿಸಿದ್ದೆ. ಬಲ್ಲವಳು ದಿನಾಲೂ ನನ್ನ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು.